ಬೆಳಗಾಗುವುದರೊಳಗೆ ಬ್ಯಾಟರಿ ಇಳಿಯುತ್ತಿದ್ದರೆ: ಮೊದಲು ಲೆಕ್ಕ, ಆಮೇಲೆ ಫ್ಯೂಸ್

ಸಂಜೆ ನಿಲ್ಲಿಸುವವರೆಗೆ ಚೆನ್ನಾಗಿಯೇ ಸ್ಟಾರ್ಟ್ ಆಗುವ ನಿಮ್ಮ ಹಳೆಯ ಕಾರು, ಹತ್ತು ಗಂಟೆಗಳ ನಂತರ ಬೆಳಿಗ್ಗೆ ಕೀಲಿ ತಿರುಗಿಸಿದರೆ ‘ಟಕ್’ ಎಂದಷ್ಟೇ ಸದ್ದು ಮಾಡಿ ಸುಮ್ಮನಾಗುತ್ತದೆ ಎಂದು ಬರೆದಿದ್ದೀರಿ. 60 ಆಂಪಿಯರ್-ಗಂಟೆಯ (ಅಂದರೆ ಲೆಕ್ಕಕ್ಕೆ 1 ಆಂಪಿಯರ್‌ನಂತೆ 60 ಗಂಟೆ ಕೊಡಬಲ್ಲ) ಬ್ಯಾಟರಿಯನ್ನು ಒಮ್ಮೆ ಬದಲಾಯಿಸಿದ್ದೂ ಆಗಿದೆ, ಈಗ ಇನ್ನೊಂದನ್ನು ಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ. ಸದ್ಯಕ್ಕೆ ಬೇಡ. ವೋಲ್ಟೇಜ್ ಮತ್ತು ಆಂಪಿಯರ್ ಅಳೆಯುವ ಒಂದು ಮಲ್ಟಿಮೀಟರ್, 10ರ ಒಂದು ಸ್ಪ್ಯಾನರ್ ಮತ್ತು ಒಂದು ಬಿಡುವಿನ ದಿನ ಇದ್ದರೆ ಕಾರಣವನ್ನು ನೀವೇ ಹುಡುಕಬಹುದು.

ದೋಷ ಬ್ಯಾಟರಿಯೊಳಗಿದೆಯೋ ವಾಹನದಲ್ಲಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿ, ನೆಗೆಟಿವ್ ಕೇಬಲನ್ನು ಬಿಚ್ಚಿಟ್ಟು, ಒಂದು ಗಂಟೆಯ ನಂತರ ವೋಲ್ಟೇಜ್ ಅಳೆದು ಬರೆದುಕೊಳ್ಳಿ. ಆಗ ಸುಮಾರು 12.6 ವೋಲ್ಟ್ ಇರಬೇಕು. ಬೆಳಿಗ್ಗೆಯೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಬ್ಯಾಟರಿ ನಿರಪರಾಧಿ. ಯಾವ ತಂತಿಯೂ ತಾಗದೆ ಒಂದೇ ರಾತ್ರಿಯಲ್ಲಿ 12.2ಕ್ಕೆ ಇಳಿದಿದ್ದರೆ, ಅಂದರೆ ಅರ್ಧದಷ್ಟು ಖಾಲಿಯಾಗಿದ್ದರೆ, ಹೊಸದಾದರೂ ಅದರ ಒಂದು ಸೆಲ್ ಕೆಟ್ಟಿದೆ; ಮುಂದಿನ ಹುಡುಕಾಟವೇ ಬೇಕಿಲ್ಲ. ಹಾಗೆಯೇ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಸಿಗುತ್ತಿದೆಯೇ ಎಂದೂ ನೋಡಿಬಿಡಿ, ಏಕೆಂದರೆ ಹಗಲಿನಲ್ಲಿ ತುಂಬದ ಬ್ಯಾಟರಿಯ ತಪ್ಪನ್ನು ರಾತ್ರಿಯ ಸೋರಿಕೆಯ ತಲೆಗೆ ಕಟ್ಟುವುದು ಬಹಳ ಸುಲಭ.

ದೋಷ ವಾಹನದ್ದೇ ಎಂದಾದರೆ, ಒಂದೇ ಒಂದು ಫ್ಯೂಸ್ ಮುಟ್ಟುವ ಮೊದಲು ಸ್ವಲ್ಪ ಲೆಕ್ಕ ಮಾಡಿ. ಬ್ಯಾಟರಿ ಸ್ಟಾರ್ಟರನ್ನು ತಿರುಗಿಸಲಾರದಷ್ಟು ಸೋಲಬೇಕಾದರೆ ಅದರ ಅರ್ಧದಷ್ಟಾದರೂ, ಎಂದರೆ 30 ಆಂಪಿಯರ್-ಗಂಟೆ, ಹೋಗಿರಬೇಕು. ಹತ್ತು ಗಂಟೆಗೆ ಭಾಗಿಸಿದರೆ 3 ಆಂಪಿಯರ್. ಎಲ್ಲರೂ ಮೊದಲು ಅನುಮಾನಿಸುವ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ 5 ವಾಟ್ ಬಲ್ಬ್ ಎಳೆಯುವುದು ಸುಮಾರು 0.4 ಆಂಪಿಯರ್, ರಾತ್ರಿಯಿಡೀ ಉರಿದರೂ ಅದು ತಿನ್ನುವುದು 4 ಆಂಪಿಯರ್-ಗಂಟೆ ಮಾತ್ರ. ಗಡಿಯಾರ ಮತ್ತು ರೇಡಿಯೋದ ನೆನಪಿಗೆ ಬೇಕಾಗುವುದು ಕೆಲವೇ ಮಿಲಿಆಂಪಿಯರ್. ಆದ್ದರಿಂದ ನಿಮ್ಮ ಬ್ಯಾಟರಿ ನಿಜವಾಗಿ ತುಂಬಿದ್ದು ಒಂದೇ ರಾತ್ರಿಯಲ್ಲಿ ಸಾಯುತ್ತಿದ್ದರೆ, ನೀವು ಹುಡುಕುತ್ತಿರುವುದು ಸಣ್ಣ ಕಳ್ಳನನ್ನಲ್ಲ.

ಈಗ ಅಳತೆ. ಕೀಲಿ ತೆಗೆದು, ಎಲ್ಲ ಸ್ವಿಚ್ ಆರಿಸಿ, ನೆಗೆಟಿವ್ ಕೇಬಲ್ ಬಿಚ್ಚಿ, ಆ ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಸೇರಿಸಿ. ಕೆಂಪು ತಂತಿ 10 ಆಂಪಿಯರ್ ಎಂದು ಬರೆದಿರುವ ರಂಧ್ರದಲ್ಲೇ ಇರಬೇಕು. ಮೀಟರ್ ಹೀಗಿರುವಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ, ಮೀಟರಿನೊಳಗಿನ ಫ್ಯೂಸ್, ಅದಿಲ್ಲದಿದ್ದರೆ ಮೀಟರೇ, ತಕ್ಷಣ ಸುಡಬಹುದು. ಹಾಗೆ ಎಂದೋ ಸುಟ್ಟುಹೋದ ಮೀಟರ್ ‘ಸೋರಿಕೆ ಸೊನ್ನೆ’ ಎಂದು ತೋರಿಸಿ ದಿನಗಟ್ಟಲೆ ದಾರಿ ತಪ್ಪಿಸುವುದುಂಟು. ಅದಕ್ಕಾಗಿ ಮೊದಲು ಪಾರ್ಕಿಂಗ್ ದೀಪ ಹಾಕಿ ನೋಡಿ. 5 ವಾಟ್‌ನ ನಾಲ್ಕೈದು ಬಲ್ಬ್‌ಗಳಿಗೆ 2 ಆಂಪಿಯರ್‌ನಷ್ಟು ಬಂದರೆ ಮೀಟರನ್ನು ನಂಬಬಹುದು. ಇನ್ನೊಂದು ಮಾತು: ಫ್ಯೂಸ್ ಪೆಟ್ಟಿಗೆ ಒಳಗಿದ್ದು ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡುವಿರಾದರೆ, ಬಾಗಿಲ ಚೌಕಟ್ಟಿನ ಸ್ವಿಚ್ಚನ್ನು ಟೇಪಿನಿಂದ ಒತ್ತಿಡಿ, ಇಲ್ಲದಿದ್ದರೆ ನೀವೇ ಹೊತ್ತಿಸಿದ ಒಳದೀಪವನ್ನು ನೀವೇ ಹುಡುಕುತ್ತಿರುತ್ತೀರಿ.

ಸಿಗುವ ಸಂಖ್ಯೆಯೇ ಅರ್ಧ ಉತ್ತರ. ಎಲೆಕ್ಟ್ರಾನಿಕ್ಸ್ ಕಡಿಮೆ ಇರುವ ಹಳೆಯ ವಾಹನದಲ್ಲಿ 50 ಮಿಲಿಆಂಪಿಯರ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 150ರಿಂದ 200 ಮಿಲಿಆಂಪಿಯರ್ ಎಂದರೆ ಬಿಡದೆ ಹಿಡಿದುಕೊಂಡಿರುವ ಒಂದು ರಿಲೇಯ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚಿನ) ಸುರುಳಿಯಿರಬಹುದು. 0.4 ಅಥವಾ 0.8 ಆಂಪಿಯರ್ ಬಂದರೆ ಒಂದೋ ಎರಡೋ ಸಣ್ಣ ಬಲ್ಬ್‌ಗಳನ್ನು ನೆನೆಯಿರಿ. 3.5ರ ಹತ್ತಿರವಾದರೆ 21 ವಾಟ್‌ನ ಎರಡು ಬ್ರೇಕ್ ದೀಪಗಳು. ಹಲವು ವಾಹನಗಳಲ್ಲಿ ಕೀಲಿ ತೆಗೆದರೂ ಅವು ಉರಿಯುತ್ತವೆ, ಬ್ರೇಕ್ ಪೆಡಲಿನ ಸ್ವಿಚ್ ಅಂಟಿಕೊಂಡಿದ್ದು ವಾಹನದ ಹಿಂಭಾಗ ಗೋಡೆಗೆ ಮುಖ ಮಾಡಿ ನಿಂತಿದ್ದರೆ ಯಾರಿಗೂ ಕಾಣುವುದಿಲ್ಲ.

ಆಮೇಲೆ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ಸಂಖ್ಯೆ ಇಳಿಯುತ್ತದೆ ನೋಡಿ, ಆ ಸಾಲಿನ ಸಲಕರಣೆಗಳನ್ನು ಬಿಚ್ಚುತ್ತಾ ಹೋಗಿ. ಚಪ್ಪಟೆ ಬ್ಲೇಡ್ ಫ್ಯೂಸ್‌ಗಳಾದರೆ ಕೀಳುವ ಅಗತ್ಯವೂ ಇಲ್ಲ: ಕೇಬಲನ್ನು ಮರಳಿ ಜೋಡಿಸಿ, ಮೀಟರಿನ ತಂತಿಗಳನ್ನು ವೋಲ್ಟೇಜ್ ರಂಧ್ರಕ್ಕೆ ಬದಲಿಸಿ, ಫ್ಯೂಸ್‌ನ ಬೆನ್ನಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. 10 ಆಂಪಿಯರ್ ಫ್ಯೂಸ್‌ನಲ್ಲಿ 1 ಆಂಪಿಯರ್ ಹರಿದರೆ ಸುಮಾರು 7-8 ಮಿಲಿವೋಲ್ಟ್ ಕಾಣುತ್ತದೆ, ಏನೂ ಹರಿಯದಿದ್ದರೆ ಸೊನ್ನೆ. ಕಾರ್ಖಾನೆಯಿಂದ ಬಂದ ಮೇಲೆ ಯಾರೋ ಸೇರಿಸಿದ ಸ್ಟೀರಿಯೋ, ಅಲಾರಂ, ಸೆಂಟ್ರಲ್ ಲಾಕ್, ಜಿಪಿಎಸ್ ಇವುಗಳ ಮೇಲೆ ನನಗೆ ಯಾವಾಗಲೂ ಮೊದಲ ಅನುಮಾನ, ಏಕೆಂದರೆ ಅವುಗಳ ತಂತಿಯನ್ನು ಎಲ್ಲಿಂದ ಎಳೆದಿದ್ದಾರೆಂದು ಯಾವ ನಕ್ಷೆಯೂ ಹೇಳುವುದಿಲ್ಲ.

ಎಲ್ಲ ಫ್ಯೂಸ್ ಕಿತ್ತರೂ ಸಂಖ್ಯೆ ಕದಲದಿದ್ದರೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನನ್ನ ಹಳೆಯ ವಾಹನದಲ್ಲಿ ಎರಡು ಭಾನುವಾರ ಫ್ಯೂಸ್ ಪೆಟ್ಟಿಗೆಯ ಮುಂದೆಯೇ ಕುಳಿತಿದ್ದೆ, ಸೋರಿಕೆ ಇದ್ದದ್ದು ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರಿನಲ್ಲಿ. ಅದರ ದಪ್ಪ ತಂತಿ ಬಹಳಷ್ಟು ಹಳೆಯ ವಾಹನಗಳಲ್ಲಿ ಫ್ಯೂಸ್ ಪೆಟ್ಟಿಗೆಯನ್ನು ಮುಟ್ಟದೆ ನೇರವಾಗಿ ಬ್ಯಾಟರಿಯ ಕಡೆಗೆ ಹೋಗುತ್ತದೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಕೆಟ್ಟರೆ ವಿದ್ಯುತ್ತು ಹಿಮ್ಮುಖವಾಗಿ ಹರಿಯುತ್ತದೆ. ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟರೆ ವಾಹನ ನಿಂತಿದ್ದರೂ ಒಳಗೆ ತಿರುಗುವ ಭಾಗವಾದ ರೋಟರಿನ ಸುರುಳಿಗೆ 3-4 ಆಂಪಿಯರ್ ಹೋಗುತ್ತಲೇ ಇರಬಹುದು. ನಿಮ್ಮ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ಪರೀಕ್ಷೆಗೆ ಮೀಟರೂ ಬೇಡ: ಬೆಳಿಗ್ಗೆ ಬಾನೆಟ್ ತೆರೆದು, ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರನ್ನು ಕೈಯಿಂದ ಮುಟ್ಟಿ, ಬೆಚ್ಚಗಿದ್ದರೆ ಅಪರಾಧಿ ಸಿಕ್ಕಂತೆಯೇ. ಕಬ್ಬಿಣದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಹಿಂಬದಿಯ ಬೇರಿಂಗ್ ಬಳಿ ಹಿಡಿದಾಗ ಬಲವಾಗಿ ಸೆಳೆದರೆ ರೋಟರಿಗೆ ವಿದ್ಯುತ್ತು ಹೋಗುತ್ತಿದೆ. ಖಚಿತಪಡಿಸಿಕೊಳ್ಳಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದ ನಂತರವೇ ಆಲ್ಟರ್ನೇಟರಿನ ದಪ್ಪ ತಂತಿಯನ್ನೂ ಅದರ ಪ್ಲಗ್ಗನ್ನೂ ತೆಗೆದು, ತಂತಿಯ ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಅವು ಬಿಚ್ಚಿರುವಾಗ ಎಂಜಿನ್ ಓಡಿಸಬಾರದು. ವಾಹನ ಇನ್ನೂ ಹಳೆಯದಾಗಿ ಆಲ್ಟರ್ನೇಟರಿನ ಬದಲು ಡೈನಮೋ ಇರುವುದಾದರೆ, ಎಂಜಿನ್ ನಿಂತಾಗ ಅದನ್ನು ಬ್ಯಾಟರಿಯಿಂದ ಬೇರ್ಪಡಿಸುವ ಕಟೌಟ್ ರಿಲೇಯ ಸಂಪರ್ಕಗಳು ಅಂಟಿಕೊಂಡಿವೆಯೇ ನೋಡಿ. ಅದೂ ಇದೇ ಜಾತಿಯ ರೋಗ.

ಹಗಲಿನಲ್ಲಿ ಅಳೆದರೆ ಏನೂ ಸಿಗದೆ, ರಾತ್ರಿ ಮಾತ್ರ ಇಳಿಯುವ ಪ್ರಕರಣಗಳೂ ಇವೆ. ಬಿಸಿಯಿದ್ದಾಗ ಮಾತ್ರ ಅಂಟುವ ರಿಲೇಯನ್ನು ತಣ್ಣಗಿರುವಾಗ ಹಿಡಿಯಲಾಗದು, ಹಾಗಾಗಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಕೂಡಲೇ ಅಳೆಯಿರಿ.

ಬ್ಯಾಟರಿಯನ್ನು ಬಿಚ್ಚಿಟ್ಟ ರಾತ್ರಿಯ ಎರಡು ವೋಲ್ಟೇಜ್‌ಗಳು, ಮೀಟರಿನಲ್ಲಿ ಬಂದ ಆಂಪಿಯರ್, ಆಲ್ಟರ್ನೇಟರಿನ ದಪ್ಪ ತಂತಿ ತೆಗೆದ ನಂತರದ ಆಂಪಿಯರ್, ಇಷ್ಟನ್ನು ಇಲ್ಲಿ ಬರೆಯಿರಿ. ಮುಂದೆ ಯಾವ ಸಾಲನ್ನು ಹಿಡಿಯಬೇಕೆಂದು ಅದರಿಂದ ಹೇಳಬಹುದು.