ಆ ಗೋಡೆ ಒಡೆಸೋಕೆ ಮುಂಚೆ

ಓದುಗರೊಬ್ಬರ ಪತ್ರ: ನಮ್ಮನೆ ಮೂವತ್ತು ವರ್ಷ ಹಳೇದು, ಮಾವ ಕಟ್ಟಿಸಿದ್ದು, ಅವರೀಗಿಲ್ಲ. ಅಡುಗೆಮನೆ ಕತ್ತಲೆ, ಬಾತ್‌ರೂಮ್ ಗೋಡೆ ಸದಾ ತೇವ. ನಾನೂ ನನ್ನ ಗಂಡನೂ ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಈಗ ರೀಮಾಡೆಲ್ ಮಾಡ್ಸೋಣ ಅಂತ ಹೊರಟಿದೀವಿ. ಅಡುಗೆಮನೆಗೂ ಹಾಲ್‌ಗೂ ಮಧ್ಯೆ ಇರೋ ಗೋಡೆ ತೆಗೆಸ್ಬೇಕು ಅನ್ನೋದು ನನ್ನ ಆಸೆ. ಅತ್ತೆ ಮಾತ್ರ "ನಾನಿರೋವರೆಗೂ ಆ ಗೋಡೆ ಮುಟ್ಬೇಡಿ" ಅಂತಾರೆ. ಗಂಡ ಬಾಯೇ ಬಿಡ್ತಿಲ್ಲ. ಮೇಸ್ತ್ರಿ ಮುಂದಿನ ವಾರವೇ ಶುರು ಮಾಡ್ತೀನಿ, ಅರ್ಧ ದುಡ್ಡು ಮೊದಲೇ ಕೊಡಿ ಅಂತಿದಾನೆ. ನನಗಿದೆಲ್ಲ ಮೊದಲನೇ ಸಲ, ರಾತ್ರಿ ನಿದ್ದೆ ಬರ್ತಿಲ್ಲ. ಅತ್ತೆ ಮಾತು ಕೇಳ್ಲಾ, ನನ್ನ ಆಸೆ ಹಿಡೀಲಾ?

ತಂಗಿ, ಮೊದಲು ಮೇಸ್ತ್ರಿಗೆ ಫೋನ್ ಮಾಡಿ, ಒಂದು ತಿಂಗಳು ಟೈಮ್ ಬೇಕು ಅಂತ ಹೇಳ್ಬಿಡಿ. ದುಡ್ಡು ಕೊಡ್ಬೇಡಿ. ಮನೆಯಲ್ಲಿ ಮೂರು ಜನ ಮೂರು ದಿಕ್ಕಿಗೆ ಮುಖ ಮಾಡ್ಕೊಂಡಿರುವಾಗ ಕೆಲಸ ಶುರುವಾದ್ರೆ ಆಮೇಲೆ ನಡೆಯೋ ಪ್ರತಿಯೊಂದು ಸಣ್ಣ ತಪ್ಪೂ, ಟೈಲ್ಸ್ ಬಣ್ಣ ಬದಲಾಗಿದ್ದೂ, ನಲ್ಲಿ ಸೊಟ್ಟಗಿರೋದೂ, ಎಲ್ಲ ಆ ಗೋಡೆ ಜಗಳಕ್ಕೇ ಸೇರ್ಕೊಳ್ಳುತ್ತೆ. ನಿಮ್ಮ ನಿದ್ದೆ ಕೆಟ್ಟಿರೋದು ಆ ಗೋಡೆಯಿಂದ ಅಷ್ಟೇ ಅಲ್ಲ, ಯಾವುದೂ ತೀರ್ಮಾನ ಆಗದೆ ತಾರೀಖು ಮಾತ್ರ ಹತ್ರ ಬರ್ತಿದೆಯಲ್ಲ, ಅದರಿಂದ್ಲೂ ಅಂತ ನನಗನ್ಸುತ್ತೆ.

ಇನ್ನು ಆ ಗೋಡೆ. ಅದನ್ನ ತೆಗೀಬಹುದಾ ಇಲ್ವಾ ಅನ್ನೋದನ್ನ ನೀವೂ ಹೇಳೋಕಾಗಲ್ಲ, ಅತ್ತೆಯೂ ಹೇಳೋಕಾಗಲ್ಲ, ಮೇಸ್ತ್ರಿ ಬೆರಳಲ್ಲಿ ತಟ್ಟಿ ನೋಡಿ "ಏನೂ ಆಗಲ್ಲ ಬಿಡಿ" ಅಂದ್ರೂ ನಂಬಬೇಡಿ. ಹಳೇ ಮನೆಗಳಲ್ಲಿ ಎಷ್ಟೋ ಸಲ ಪಿಲ್ಲರ್ ಇರಲ್ಲ, ಛಾವಣಿ ಭಾರ ಪೂರ್ತಿ ಗೋಡೆ ಮೇಲೇ ಕೂತಿರುತ್ತೆ. ಒಂಬತ್ತಿಂಚು ದಪ್ಪದ ಗೋಡೆ ಆದ್ರೆ ಭಾರ ಹೊತ್ತಿರೋ ಸಾಧ್ಯತೆ ಜಾಸ್ತಿ, ನಾಲ್ಕೂವರೆ ಇಂಚಿಂದು ಬರೀ ಅಡ್ಡಗೋಡೆ ಆಗಿರ್ಬಹುದು, ಆದ್ರೆ ದಪ್ಪ ನೋಡಿ ತೀರ್ಮಾನ ಮಾಡೋ ವಿಷಯವೇ ಅಲ್ಲ ಇದು. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ರನ್ನ ಕರೆಸಿ ಮನೆ ಪೂರ್ತಿ ತೋರಿಸಿ, ಅವರು ಹೇಳಿದ್ದನ್ನ ಬರವಣಿಗೇಲಿ ತಗೊಳ್ಳಿ. ಆ ಫೀಸ್ ಉಳಿಸೋಕೆ ಹೋಗ್ಬೇಡಿ. ಭಾರದ ಗೋಡೆ ಅಂತಾದ್ರೂ ಮೇಲೆ ಬೀಮ್ ಕೊಟ್ಟು ಒಂದಷ್ಟು ಭಾಗ ತೆರೆಯೋಕೆ ಆಗಬಹುದು, ಆದ್ರೆ ಆ ಬೀಮ್ ಎಷ್ಟು ದೊಡ್ಡದು, ಅದರ ಎರಡು ತುದಿ ಎಲ್ಲಿ ಕೂರ್ಬೇಕು, ಒಡೆಯುವಾಗ ಛಾವಣಿಗೆ ಹೇಗೆ ಆಸರೆ ಕೊಡ್ಬೇಕು ಅನ್ನೋದು ಅವರ ಲೆಕ್ಕ. ಪಿಲ್ಲರ್, ಬೀಮ್ ಇದ್ರೆ ಅವನ್ನ ಮಾತ್ರ ಯಾರು ಏನೇ ಹೇಳಿದ್ರೂ ಕೊರೆಯೋಕೆ ಬಿಡ್ಬೇಡಿ, ಪೈಪ್ ಹಾಕೋಕೆ ಅಂತ ಸಣ್ಣ ತೂತು ಕೂಡ ಇಂಜಿನಿಯರ್ ಕೇಳ್ದೆ ಬೇಡ.

ಇಂಜಿನಿಯರ್ ಬರೋ ದಿನ ಅತ್ತೆನೂ ಜೊತೇಲಿರ್ಲಿ. ಇದು ತುಂಬ ಮುಖ್ಯ. ಮೂವತ್ತು ವರ್ಷ ಆ ಅಡುಗೆಮನೇಲಿ ನಿಂತವರು ಅವರು, ಯಾವ ಹೊತ್ತಲ್ಲಿ ಬೆಳಕು ಎಲ್ಲಿ ಬೀಳುತ್ತೆ, ಮಳೇಲಿ ಯಾವ ಮೂಲೆ ಒದ್ದೆ ಆಗುತ್ತೆ, ಯಾವ ಪೈಪ್ ಯಾವಾಗ ಬದಲಾಯ್ಸಿದ್ರು ಅನ್ನೋದು ಆ ಮನೇಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಆಮೇಲೆ ಯಾರೂ ಇಲ್ಲದ ಹೊತ್ತಲ್ಲಿ ಕೂತು ಕೇಳಿ, ಆ ಗೋಡೆ ಹೋದ್ರೆ ನಿಮಗೇನು ತೊಂದರೆ ಆಗುತ್ತೆ ಅಂತ. ವಾದ ಮಾಡೋ ಥರ ಅಲ್ಲ, ತಿಳ್ಕೊಳ್ಳೋ ಥರ. ಹಾಲ್‌ಗೆ ಬಂದವರಿಗೆಲ್ಲ ಅಡುಗೆಮನೆ ಕಾಣುತ್ತೆ, ನನಗೊಂದು ಮರೆ ಇರಲ್ಲ ಅನ್ನೋ ಮುಜುಗರ ಇರಬಹುದು. ಒಗ್ಗರಣೆ ಘಾಟು ಮನೆಯೆಲ್ಲ ತುಂಬುತ್ತೆ ಅನ್ನೋದಿರಬಹುದು, ಅದು ನಿಜವೂ ಹೌದು, ತೆರೆದ ಅಡುಗೆಮನೆಗೆ ಹೊಗೆ ಹೊರಗೆ ಎಳೆಯೋ ಒಳ್ಳೆ ಚಿಮಣಿ ಇಲ್ಲಾಂದ್ರೆ ಸೋಫಾ ಬಟ್ಟೆವರೆಗೂ ವಾಸನೆ ಹಿಡಿಯುತ್ತೆ. ಇಲ್ಲಾಂದ್ರೆ ಗಂಡ ಕಟ್ಟಿಸಿದ ಮನೇಲಿ ಒಂದೊಂದೇ ಗುರುತು ಅಳಿಸಿ ಹೋಗ್ತಿದೆ ಅನ್ನೋ ಸಂಕಟ ಇರಬಹುದು. ಕಾರಣ ಬೇರೆ ಬೇರೆ ಆದ್ರೆ ಉತ್ತರವೂ ಬೇರೆ, ಅದಕ್ಕೇ ಕೇಳಿ ಅಂದಿದ್ದು.

ನನ್ನದೇ ಒಂದು ವಿಷಯ ಹೇಳ್ತೀನಿ. ನಾವು ಅಡುಗೆಮನೆ ಬದಲಾಯಿಸಿದಾಗ ಕಟ್ಟೆ ಎತ್ತರವನ್ನ ನನ್ನ ಎತ್ತರಕ್ಕೆ ಅಂತ ಮಾಡಿಸ್ದೆ, ಅಮ್ಮನ್ನ ಒಂದು ಮಾತು ಕೇಳ್ಲಿಲ್ಲ. ಅವರು ನನಗಿಂತ ಕುಳ್ಳಗೆ. ಹೊಸ ಕಟ್ಟೆ ಮೇಲೆ ತರಕಾರಿ ಹೆಚ್ಚೋವಾಗ ಭುಜ ಎತ್ತಿ ಎತ್ತಿ ನೋವು ಬಂದು ನಿಧಾನಕ್ಕೆ ಅಡುಗೆಮನೆಗೆ ಬರೋದನ್ನೇ ಬಿಟ್ರು, ಯಾಕೆ ಅಂತ ಬಾಯಿಬಿಟ್ಟು ಹೇಳ್ಲೂ ಇಲ್ಲ, ನನಗೆ ಅರ್ಥ ಆಗೋಷ್ಟರಲ್ಲಿ ವರ್ಷ ಕಳೆದಿತ್ತು. ಆ ನೋವು ನನಗಿನ್ನೂ ಇದೆ. ಮೊಣಕೈ ಮಡಿಸಿದಾಗ ಅದಕ್ಕಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಬಂದ್ರೆ ಆ ವ್ಯಕ್ತಿಗೆ ಆರಾಮ, ನಿಮ್ಮಿಬ್ಬರ ಅಳತೆ ಬೇರೆ ಇದ್ರೆ ಕಟ್ಟೆಯ ಒಂದು ಭಾಗ ತಗ್ಗಿಸಿ ಮಾಡ್ಸಿ, ಮಾಡೋಕೆ ಬರುತ್ತೆ.

ಇನ್ನೊಂದು ಮಾತು, ನಿಮ್ಮ ಪತ್ರದಲ್ಲಿ ಗೋಡೆ ವಿಷಯ ನಾಲ್ಕು ಸಾಲು, ಬಾತ್‌ರೂಮ್ ತೇವ ಬರೀ ನಾಲ್ಕು ಪದ. ನನ್ನ ಕೇಳಿದ್ರೆ ದುಡ್ಡು ಮೊದಲು ಹೋಗ್ಬೇಕಾಗಿರೋದು ಅಲ್ಲಿಗೇ. ತೇವ ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯದೆ ಮೇಲೆ ಪುಟ್ಟಿ, ಪೇಂಟ್ ಹೊಡೆಸಿದ್ರೆ ಉಪ್ಪು ಬಿಟ್ಟು ಮತ್ತೆ ಹೊಪ್ಪಳೆ ಏಳುತ್ತೆ. ಒಳಗಿನ ಪೈಪ್ ಸೋರ್ತಿದೆಯಾ, ನೆಲದ ಸಂದಿಂದ ಇಳೀತಿದೆಯಾ, ಹೊರಗೋಡೆ ಬಿರುಕಿಂದಾ, ಮೊದಲು ಅದು ಗೊತ್ತಾಗ್ಲಿ. ಹಳೇ ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿದ್ಮೇಲೆ ನೆಲದ ಮೇಲೆ ನೀರು ಕಟ್ಟಿ 24 ಗಂಟೆಯಾದ್ರೂ ಬಿಡಿ, 48 ಆದ್ರೆ ಇನ್ನೂ ಒಳ್ಳೇದು, ಕೆಳಗೂ ಪಕ್ಕದಲ್ಲೂ ಒದ್ದೆ ಕಾಣ್ಲಿಲ್ಲ ಅಂದ್ಮೇಲೇ ಹೊಸ ಟೈಲ್ಸ್. ಮೇಸ್ತ್ರಿಗೆ ಅವಸರ ಇರುತ್ತೆ, ನೀವು ಬಿಡ್ಬೇಡಿ. ನೆಲದ ಇಳಿಜಾರು ಮೀಟರಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಇರ್ಲಿ. ಹೇಗೂ ಒಡೀತೀರಲ್ಲ, ಅತ್ತೆ ವಯಸ್ಸು ನೆನಪಿಟ್ಕೊಳ್ಳಿ: ಜಾರದ ಟೈಲ್ಸ್, ಕೈ ಹಿಡಿಯೋಕೆ ಗೋಡೆಗೆ ಭದ್ರವಾಗಿ ಕೂರೋ ಕಂಬಿ, ಮತ್ತೆ ಹೊರಗಡೆ ತೆಗೆಯೋ ಬಾಗಿಲು. ಒಳಗೆ ಯಾರಾದ್ರೂ ಬಿದ್ರೆ ಒಳಮುಖ ತೆಗೆಯೋ ಬಾಗಿಲಿಗೆ ಅವರ ಮೈಯೇ ಅಡ್ಡ ಬಿದ್ದು ತೆಗೆಯೋಕಾಗಲ್ಲ. ಈ ಬಾತ್‌ರೂಮ್ ಕೆಲಸಕ್ಕೆ ಮೂವರೂ ಒಪ್ತೀರಿ, ಹಾಗಾಗಿ ಮಾತು ಇಲ್ಲಿಂದ ಶುರು ಮಾಡೋದೇ ಒಳ್ಳೇದು.

ವೈರಿಂಗ್ ಮೂವತ್ತು ವರ್ಷದ್ದೇ ಆಗಿದ್ರೆ ಈಗ್ಲೇ ಚೆಕ್ ಮಾಡ್ಸಿ, ಗೀಸರ್‌ಗೆ, ಓವನ್‌ಗೆ ಬೇರೆ ಬೇರೆ ಲೈನ್ ಇರ್ಲಿ, ಅರ್ಥಿಂಗ್ ಸರಿ ಇರ್ಲಿ, ಶಾಕ್ ತಡೆಯೋ 30 ಮಿಲಿಆಂಪ್ ಆರ್‌ಸಿಸಿಬಿ ಇರ್ಲೇಬೇಕು. ಗೋಡೆ ಮುಚ್ಚೋಕೆ ಮುಂಚೆ ಪೈಪ್, ವೈರ್ ಎಲ್ಲೆಲ್ಲಿ ಹೋಗಿದೆ ಅಂತ ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತೆ.

ದುಡ್ಡಿನ ವಿಷಯ ನಿಮ್ಮ ಗಂಡನಿಗೆ ಕೊಡಿ. ಅವರು ಸುಮ್ಮನಿರೋದು ಅಮ್ಮನಾ ಹೆಂಡತಿಯಾ ಅಂತ ಆರಿಸೋಕಾಗದೆ ಇರಬಹುದು, ಅದನ್ನ ಆರಿಸಿ ಅಂತ ಒತ್ತಾಯ ಮಾಡ್ಬೇಡಿ, ಬದಲಿಗೆ ಲೆಕ್ಕ ನೋಡ್ಕೊಳ್ಳಿ ಅಂತ ಹೇಳಿ. ಎರಡು ಮೂರು ಕಡೆ ಕೊಟೇಶನ್ ತರಿಸ್ಲಿ, ಅದರಲ್ಲಿ ಒಟ್ಟು ಮೊತ್ತ ಒಂದೇ ಸಾಲಲ್ಲಿ ಇರಬಾರದು, ಯಾವ ಸಾಮಾನು, ಎಷ್ಟು, ಯಾವ ಬ್ರ್ಯಾಂಡ್, ಒಡೆದ ಮಣ್ಣು ಯಾರು ಸಾಗಿಸ್ತಾರೆ ಅನ್ನೋವರೆಗೂ ಬಿಡಿಸಿ ಬರ್ದಿರ್ಬೇಕು. ಅರ್ಧ ದುಡ್ಡು ಮುಂಚೇನೇ ಕೊಟ್ರೆ ಆಮೇಲೆ ಮೇಸ್ತ್ರಿ ತಿಂಗಳುಗಟ್ಟಲೆ ಕೆಲಸಕ್ಕೆ ಬರದೇ ಹೋದ್ರೂ ನಿಮ್ಮ ಕೈಯಲ್ಲಿ ಹಿಡಿತ ಇರಲ್ಲ. ಶುರುವಿಗೆ ಸಣ್ಣ ಅಡ್ವಾನ್ಸ್, ಆಮೇಲೆ ಒಂದೊಂದು ಹಂತ ಮುಗಿದ ಹಾಗೆ ಒಂದೊಂದು ಕಂತು, ಕೊನೇ ಹತ್ತು ಪರ್ಸೆಂಟ್ ಎಲ್ಲ ಚೆಕ್ ಮಾಡಿದ್ಮೇಲೆ. ಹಳೇ ಮನೆ ಗೋಡೆ ಒಡೆದಾಗ ಏನು ಸಿಗುತ್ತೋ ಗೊತ್ತಿರಲ್ಲ, ಹಾಗಾಗಿ ಒಟ್ಟು ಬಜೆಟ್‌ನಲ್ಲಿ ಹದಿನೈದು ಇಪ್ಪತ್ತು ಪರ್ಸೆಂಟ್ ಮುಟ್ಟದೆ ಪಕ್ಕಕ್ಕಿಡಿ. ಟೈಲ್ಸ್ ಹತ್ತು ಪರ್ಸೆಂಟ್ ಜಾಸ್ತಿ ಒಂದೇ ಬ್ಯಾಚ್‌ನಲ್ಲಿ ತಗೊಳ್ಳಿ, ಬೇರೆ ಬ್ಯಾಚ್ ಆದ್ರೆ ಬಣ್ಣ ಕೂಡಲ್ಲ.

ಕೆಲಸ ನಡೆಯೋವಾಗ ಎಲ್ಲಿ ಇರ್ತೀರಿ ಅಂತ ಯೋಚನೆ ಮಾಡಿದೀರಾ? ಪತ್ರದಲ್ಲಿಲ್ಲ ಅದು. ಹೊಸ ಪ್ಲಾಸ್ಟರಿಂಗ್‌ಗೆ ಕಮ್ಮಿ ಅಂದ್ರೂ ಏಳು ದಿನ ನೀರು ಹಾಕ್ಬೇಕು, ಕಾಂಕ್ರೀಟ್‌ಗೆ ಲೆಕ್ಕ ಹಾಕಿದಷ್ಟು ಬಲ ಬರೋಕೆ 28 ದಿನ, ಇದನ್ನೆಲ್ಲ ಅವಸರ ಮಾಡೋಕಾಗಲ್ಲ. ಆ ಧೂಳಲ್ಲಿ ವಯಸ್ಸಾದವರು ಇರೋದು ಕಷ್ಟ. ಒಂದು ಬಾತ್‌ರೂಮ್ ಆದ್ರೂ ನಡೀತಾ ಇರೋ ಹಾಗೆ, ಒಂದು ರೂಮಲ್ಲಿ ಸ್ಟವ್ ಇಟ್ಟು ಅಡುಗೆ ಮಾಡ್ಕೊಳ್ಳೋ ಹಾಗೆ ಏರ್ಪಾಡು ಆಗ್ಲಿ, ಅತ್ತೆ ರೂಮಿನ ಕೆಲಸ ಏನಾದ್ರೂ ಇದ್ರೆ ಕೊನೆಗೆ ಇಟ್ಕೊಳ್ಳಿ, ಅವರಿಗೆ ಬಾಗಿಲು ಹಾಕಿ ಕೂರೋಕೆ ಒಂದು ಜಾಗ ಉಳೀಬೇಕು.

ನಿಮ್ಮ ಆಸೆ ಬಿಡಿ ಅಂತ ನಾನು ಹೇಳಲ್ಲ. ದಿನಕ್ಕೆ ನಾಲ್ಕೈದು ಗಂಟೆ ಕತ್ತಲೇಲಿ ಗೋಡೆ ನೋಡ್ಕೊಂಡು ನಿಲ್ಲೋರು ನೀವು, ಬೆಳಕು ಬೇಕು ಅನ್ನೋದು ಅತಿ ಆಸೆ ಏನಲ್ಲ. ಆದ್ರೆ ಬೆಳಕಿಗೆ ಪೂರ್ತಿ ಗೋಡೆ ಹೋಗ್ಲೇಬೇಕಾ, ಕಟ್ಟೆ ಮೇಲೊಂದು ಅಗಲದ ಕಿಂಡಿ ಸಾಕಾ, ಅದಕ್ಕೆ ಬೇಕಾದಾಗ ಮುಚ್ಚೋ ಜಾರುಬಾಗಿಲು ಇಟ್ರೆ ಅತ್ತೆಗೂ ಮರೆ ಸಿಗುತ್ತಾ, ಇದನ್ನ ಗೋಡೆ ಎದುರೇ ನಿಂತು ನೋಡ್ಬೇಕು. ಇಂಜಿನಿಯರ್ ಎಲ್ಲಿವರೆಗೆ ತೆರೀಬಹುದು ಅಂತ ಹೇಳಿ ಹೋದ್ಮೇಲೆ ಅಷ್ಟರೊಳಗೆ ಗೋಡೆ ಮೇಲೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೀರಿ, ಒಂದು ವಾರ ಹಾಗೇ ಬಿಡಿ, ಮೂವರೂ ಓಡಾಡ್ತಾ ನೋಡಿ, ಅಳಿಸಿ, ಮತ್ತೆ ಎಳೀರಿ. ಮೊದಲನೇ ಗೆರೆ ಮಾತ್ರ ನೀವು ಎಳೀಬೇಡಿ, ಚಾಕ್‌ಪೀಸ್ ಅತ್ತೆ ಕೈಗೆ ಕೊಡಿ.