ಹೊಗೆ ಕಾರುವ ಕಟ್ಟಿಗೆ ನವೀಕರಿಸಬಹುದಾದದ್ದು, ಹೊಗೆಯೇ ಇಲ್ಲದ ಯುರೇನಿಯಂ ಅಲ್ಲ. ಇದು ಹೇಗೆ?

ನೀವು ಯಾದಗಿರಿಯಲ್ಲಿ ಟಿಇಟಿಗೆ ಓದುತ್ತಿದ್ದೀರಿ, ಪುಸ್ತಕದ ಪಟ್ಟಿ ನೋಡಿ ತಲೆ ಕೆಟ್ಟಿದೆ. ಕಣ್ಣುರಿ ತರೋ ಕಟ್ಟಿಗೆ ನವೀಕರಿಸಬಹುದಾದ ಗುಂಪಿನಲ್ಲಿ, ಹೊಗೆಯೇ ಬಿಡದ ಯುರೇನಿಯಂ ಮುಗಿದುಹೋಗುವ ಗುಂಪಿನಲ್ಲಿ. ಪಟ್ಟಿಯೇ ತಪ್ಪಲ್ಲವೇ ಅಂತ ಕೇಳಿದ್ದೀರಿ. ಜೊತೆಗೆ, ಬಿಸಿಲು ಮುಗಿಯದ ಮೂಲ ಅನ್ನೋದಾದರೆ ನಮ್ಮಂಥ ಬಿಸಿಲೂರಿಗೆ ರಾಯಚೂರಿನ ಕಲ್ಲಿದ್ದಲು ಕರೆಂಟು ಯಾಕೆ ಅಂತ.

ಪಟ್ಟಿ ಸರಿಯಿದೆ, ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಅದು ಹೊಗೆಯ ಸುದ್ದಿಗೆ ಹೋಗುವುದೇ ಇಲ್ಲ. ನಾವು ಖರ್ಚು ಮಾಡುವ ವೇಗಕ್ಕೆ ಆ ವಸ್ತು ಮತ್ತೆ ತುಂಬಿಕೊಳ್ಳುತ್ತದೆಯೇ ಅನ್ನೋದಷ್ಟೇ ಅದರ ಪ್ರಶ್ನೆ. ಹೊಗೆ, ಬೂದಿ, ಇಂಗಾಲದ ಲೆಕ್ಕವನ್ನು ಬೇರೆಯೇ ಬರೆದುಕೊಳ್ಳಬೇಕು.

ನಾನು ಕಲಬುರಗಿಯಲ್ಲಿ ಮನೆಗಳ ಮೇಲೆ ಸೋಲಾರ್ ಕೂರಿಸುವವನು, ಮನೆತನದ್ದು ತೊಗರಿ ಹೊಲ. ಹಾಗಾಗಿ ತೊಗರಿ ಕಟ್ಟಿಗೆಯಿಂದಲೇ ಹೇಳುತ್ತೇನೆ. ಜೂನ್‌ನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಗೆ ರಾಶಿಗೆ ಬರುತ್ತದೆ. ಕಾಳು ಮಾರುಕಟ್ಟೆಗೆ, ಹೊಟ್ಟು ದನಕ್ಕೆ, ಕಟ್ಟಿಗೆ ಹಿತ್ತಲಿಗೆ. ಅದನ್ನು ಸುಟ್ಟಾಗ ಹೊರಬರುವ ಇಂಗಾಲ ಅದೇ ಮಳೆಗಾಲದಲ್ಲಿ ಆ ಗಿಡ ಗಾಳಿಯಿಂದ ಎಳೆದುಕೊಂಡದ್ದು. ಮುಂದಿನ ವರ್ಷ ಹೊಸ ಗಿಡ ಮತ್ತೆ ಎಳೆದುಕೊಳ್ಳುತ್ತದೆ. ಹೀಗಾಗಿ ಅದು ನವೀಕರಿಸಬಹುದಾದದ್ದು, ಅನುಮಾನವಿಲ್ಲ. ಆದರೆ ಬುಡ ತುಸು ಹಸಿಯಿರಲಿ, ಒಲೆ ಮುಂದೆ ಕೂತು ರೊಟ್ಟಿ ಬಡಿಯುವವರ ಕಣ್ಣು, ಎದೆ ಎರಡೂ ಉರಿಯುತ್ತವೆ. ಅರೆಬರೆ ಉರಿದ ಕಟ್ಟಿಗೆಯಿಂದ ಸೂಕ್ಷ್ಮ ಕಣಗಳು, ಕಾರ್ಬನ್ ಮೊನಾಕ್ಸೈಡ್ ಅಡುಗೆಮನೆಯಲ್ಲೇ ಸುತ್ತುತ್ತಿರುತ್ತವೆ. ಗ್ಯಾಸ್ ಸಿಲಿಂಡರ್ ಭೂಮಿಯಿಂದ ತೆಗೆದ ತೈಲದ ಕೂಸಾದರೂ ಅಡುಗೆ ಮಾಡುವವರ ಎದೆಗೆ ಅದೇ ವಾಸಿ.

ಕಟ್ಟಿಗೆಗೂ ಒಂದು ಷರತ್ತಿದೆ. ಹಳ್ಳದ ದಂಡೆಯ ಬಳ್ಳಾರಿ ಜಾಲಿಯನ್ನು ಬುಡ ಬಿಟ್ಟು ಕಡಿದರೆ ಮತ್ತೆ ಚಿಗುರುತ್ತದೆ, ಇದ್ದಿಲು ಸುಡುವವರ ಬದುಕು ನಡೆಯುವುದೇ ಇದರ ಮೇಲೆ. ಬದುವಿನ ಮೇಲಿನ ಹಳೆಯ ಬೇವನ್ನು ಕಡಿದು ಸುಟ್ಟರೆ? ಅಂಥ ಇನ್ನೊಂದು ಮರ ಏಳಲು ಒಂದು ತಲೆಮಾರು ಬೇಕು. ಬೆಳೆಯುವುದಕ್ಕಿಂತ ಹೆಚ್ಚು ಕಡಿದರೆ ಕಟ್ಟಿಗೆಯೂ ಮುಗಿಯುವ ಗುಂಪಿಗೇ ಜಾರುತ್ತದೆ. ಪುಸ್ತಕಗಳು ಈ ಮಾತನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಇನ್ನು ಯುರೇನಿಯಂ. ಅದು ನಿಮ್ಮ ಜಿಲ್ಲೆಯದೇ ಕಥೆ: ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಅದಿರು ಸಿಕ್ಕಿ, ನೆಲದೊಳಗೆ ಇಳಿದು ಪರಿಶೋಧನೆಯೂ ನಡೆಯಿತು, ನೀರು-ಹೊಲ ಕೆಡುತ್ತದೆ ಅಂತ ಊರವರ ವಿರೋಧವೂ ಬಂತು. ಆ ಅದಿರಿರುವುದು ಭೀಮಾ ಕೊಳ್ಳದ ಸುಣ್ಣಕಲ್ಲಿನಲ್ಲಿ ಮತ್ತು ಅದರ ಕೆಳಗಿನ ಗ್ರಾನೈಟಿನಲ್ಲಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಪರ್ಸಿ ಕೂಡ ಅದೇ ಕೊಳ್ಳದ್ದು. ಕೈಗಾದಂಥ ರಿಯಾಕ್ಟರಿನಲ್ಲಿ 1 ಕಿಲೋ ಸಹಜ ಯುರೇನಿಯಂ ಹತ್ತಿರ ಹತ್ತಿರ 50,000 ಯೂನಿಟ್ ಕರೆಂಟು ಕೊಡುತ್ತದೆ, ಅದೂ ಚಿಮಣಿಯ ಹೊಗೆ ಇಲ್ಲದೆ. ಆದರೆ ಯುರೇನಿಯಂ ತಯಾರಾದದ್ದು ಭೂಮಿ ಹುಟ್ಟುವ ಮೊದಲೇ, ನಕ್ಷತ್ರಗಳ ಸ್ಫೋಟದಂಥ ಘಟನೆಗಳಲ್ಲಿ. ಇಲ್ಲಿ ಹೊಸದಾಗಿ ಹುಟ್ಟುವುದಿಲ್ಲ, ತೆಗೆದಷ್ಟೂ ಖಾಲಿ. ಉಳಿಯುವ ವಿಕಿರಣ ತ್ಯಾಜ್ಯದ ಚಿಂತೆ ಬೇರೆ. ನಮ್ಮ ದೇಶದ ಕಲ್ಲಿದ್ದಲಿನ ಬಹುಪಾಲು ಸುಮಾರು 25 ಕೋಟಿ ವರ್ಷಕ್ಕೂ ಹಿಂದಿನ ಕಾಡು. ಅದು ಮತ್ತೆ ಆಗುವವರೆಗೆ ಕಾಯುವವರು ಯಾರು?

ನಿಮ್ಮ ಎರಡನೇ ಪ್ರಶ್ನೆಯೇ ನನ್ನ ಗಿರಾಕಿಗಳದ್ದೂ. ಕಲ್ಲಿದ್ದಲು, ಯುರೇನಿಯಂ ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಜೋಳ ಇದ್ದಂತೆ: ಬೇಕಾದಾಗ ಬೇಕಾದಷ್ಟು ತೆಗೆಯಬಹುದು, ಒಂದು ದಿನ ತಳ ಕಾಣುತ್ತದೆ. ಬಿಸಿಲು, ಗಾಳಿ, ನೀರು ಹಿಂಡುವ ಎಮ್ಮೆ: ದಿನಾ ಕೊಡುತ್ತದೆ, ಆದರೆ ತನ್ನ ಹೊತ್ತಿಗೆ, ತನ್ನ ಅಳತೆಗೆ. ಕೃಷ್ಣೆಗೆ ಪ್ರವಾಹ ಬಂದಾಗ ಆಲಮಟ್ಟಿಯ 290 ಮೆಗಾವ್ಯಾಟ್ ವಿದ್ಯುದಾಗಾರ ಭರ್ಜರಿಯಾಗಿ ತಿರುಗುತ್ತದೆ, ಬೇಸಿಗೆಯಲ್ಲಿ ಆ ಮಾತಿಲ್ಲ. ಬೀದರಿನ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ಕರೆಂಟೂ ಅಷ್ಟೇ: ಮಳೆ ಕೈಕೊಟ್ಟರೆ ಕಬ್ಬಿಲ್ಲ, ಕಬ್ಬಿಲ್ಲದಿದ್ದರೆ ಸಿಪ್ಪೆ ಎಲ್ಲಿಂದ ಬರಬೇಕು?

ಬಿಸಿಲಿನ ವಿಷಯದಲ್ಲಿ ಇನ್ನೂ ಒಂದು ತಮಾಷೆ ಇದೆ. ಮೇ ತಿಂಗಳಲ್ಲಿ ಫೋನ್ ಬರುತ್ತದೆ: "ಇಟ್ಟ ಬಿಸಲ ಅದ, ಯೂನಿಟ್ ಯಾಕ ಕಮ್ಮಿ ಬರ್ಲಾಕತ್ತಾವ್ರಿ?" ಪ್ಯಾನೆಲ್ಲಿಗೆ ಬೇಕಿರುವುದು ಬೆಳಕು, ಸೆಕೆ ಅಲ್ಲ. ಅದರ ಮೇಲೆ ಬರೆದ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಹೊರಗೆ 43 ಇದ್ದಾಗ ಆರ್‌ಸಿಸಿ ಮಾಳಿಗೆಯ ಮೇಲೆ ಪ್ಯಾನೆಲ್ ಸುಲಭವಾಗಿ 65 ಮುಟ್ಟುತ್ತದೆ, ಹಿಂಬದಿಗೆ ಕೈ ಇಟ್ಟರೆ ಚುರ್ ಅನ್ನುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಶೇ 0.35ರ ಆಸುಪಾಸು ಇಳುವರಿ ಇಳಿಯುತ್ತದೆ, ಅಂದರೆ 540 ವ್ಯಾಟಿನ ಪ್ಯಾನೆಲ್ ಕಾವಿನಿಂದಲೇ 465ರ ಹತ್ತಿರ. ಮೇಲೆ ಧೂಳು ಕೂತಿದ್ದರೆ ಇನ್ನೂ ಕಡಿಮೆ, ಅದನ್ನು ಬೆಳಿಗ್ಗೆ ತಂಪಿನಲ್ಲೇ ತೊಳೆಯಿರಿ. ಫೆಬ್ರವರಿಯ ತಿಳಿ ಆಕಾಶದ ದಿನ ಮೀಟರ್ ನೋಡಿದರೆ ಖುಷಿಯಾಗುತ್ತದೆ.

ಇಷ್ಟಾದರೂ ಒಳ್ಳೆಯ ಜಾಗದಲ್ಲಿ 1 ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ, ಕೆಟ್ಟ ಲೆಕ್ಕವೇನಲ್ಲ. ತೊಡಕು ಸಂಜೆಯದು. ದೀಪ, ಫ್ಯಾನ್, ಟಿವಿ ಎಲ್ಲ ಒಟ್ಟಿಗೆ ಹತ್ತುವ ಹೊತ್ತಿಗೆ ಸೋಲಾರ್ ಸೊನ್ನೆ. ಆಗ ರಾಯಚೂರು ಬಳಿಯ ಶಕ್ತಿನಗರದ 1720 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದಂಥವು ಬೇಕೇ ಬೇಕು. ಅಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ, ಅದೂ ಹೊರರಾಜ್ಯಗಳಿಂದ ರೈಲಿನಲ್ಲಿ ಬಂದದ್ದು. ಹಗಲಿನ ಕರೆಂಟನ್ನು ಬ್ಯಾಟರಿಯಲ್ಲಿ ಕೂಡಿಡಬಹುದು, ಆದರೆ ಮನೆ ಮಟ್ಟದಲ್ಲಿ ಖರ್ಚು ಇನ್ನೂ ಜಾಸ್ತಿ. ಅದಕ್ಕಿಂತ ಸುಲಭದ ದಾರಿ ಕೆಲಸವನ್ನೇ ಬಿಸಿಲಿನ ಹೊತ್ತಿಗೆ ತರುವುದು. ಪಂಪ್‌ಸೆಟ್ಟಿಗೆ ಕೊಡುವ ತ್ರೀ ಫೇಸ್ ಕರೆಂಟನ್ನು ರಾಜ್ಯದಲ್ಲಿ ಬಹಳ ಕಡೆ ರಾತ್ರಿಯಿಂದ ಹಗಲಿಗೆ ತಂದಿರುವುದು ಇದೇ ಲೆಕ್ಕದಲ್ಲಿ. ನಿಮ್ಮೂರಲ್ಲಿ ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ ಅಂತ ಲೈನ್‌ಮನ್‌ಗೆ ಕೇಳಿ ನೋಡಿ.