ಹತ್ತಿ ಹೊಲದ ಹುಡುಗಿ ಮೂರನೇ ಪುಟದಲ್ಲಿ ಯಾಕೆ?

ನಮಸ್ಕಾರ.

ಕುಷ್ಟಗಿಯಿಂದ ನೀವು ಕಳಿಸಿದ 'ಬಾಲಕಾರ್ಮಿಕ ಪದ್ಧತಿ ಮತ್ತು ಕಾನೂನು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಹಾಗಂತ ಒಂದು ಸಾಲಿನ ಉತ್ತರ ಬರೆದು ಮುಗಿಸಲೂ ಮನಸ್ಸು ಬರಲಿಲ್ಲ. ಮೂರನೇ ಪುಟದ ಏಳು ಸಾಲು ಬಿಡಲಿಲ್ಲ.

ಏಳನೇ ತರಗತಿಯಲ್ಲಿ ನಿಮ್ಮ ಪಕ್ಕ ಕೂರುತ್ತಿದ್ದ ಗೆಳತಿ ಹತ್ತಿ ಕ್ರಾಸಿಂಗ್‌ಗೆ, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಹೂವಿಗೆ ಕೈಯಿಂದ ಪರಾಗ ಸವರುವ ಕೆಲಸಕ್ಕೆ ಹೋದಳು. ಎರಡು ತಿಂಗಳಾದ ಮೇಲೆ ಬಂದಾಗ ಹೆಬ್ಬೆರಳ ಉಗುರು ಸೀಳಿತ್ತು. ಪೆನ್ನು ಹಿಡಿಯಲಾಗದೆ ನಿಮ್ಮ ಕೈಯಲ್ಲಿ ನೋಟ್ಸ್ ಬರೆಸಿಕೊಂಡಳು. ಇಡೀ ಲೇಖನದಲ್ಲಿ ಓದುವಾಗ ನನ್ನ ಕೈ ನಿಂತಿದ್ದು ಇಲ್ಲಿ ಮಾತ್ರ. ಅದಕ್ಕೂ ಮುಂಚೆ ಎರಡು ಪುಟ 'ಇಂದಿನ ಮಕ್ಕಳೇ ನಾಳಿನ ಪ್ರಜೆಗಳು', 'ಅರಳುವ ಮುನ್ನ ಬಾಡುವ ಮೊಗ್ಗುಗಳು', ಆಮೇಲೆ ಇಸವಿಗಳ ಸಾಲು. ಪರೀಕ್ಷೆಯ ಗೈಡ್ ಓದಿದ ಹಾಗಾಯಿತು. ನಿಮ್ಮ ಗೆಳತಿ ನಿಜವಾದ ಮೊಗ್ಗುಗಳನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಆ ಮೇಲೆ ಮಕ್ಕಳನ್ನೇ ಮೊಗ್ಗು ಅಂದರೆ ಮಾತು ತೆಳ್ಳಗಾಗುತ್ತದೆ. ತೆಗೆದುಬಿಡಿ.

ಆ ಕೆಲಸ ಹೇಗೆ ನಡೆಯುತ್ತದೆ ಅಂತ ನೀವು ಬರೆದೇ ಇಲ್ಲ. ಕೊಪ್ಪಳದವರಿಗೆ ಗೊತ್ತಿರಬಹುದು, ಮಂಗಳೂರಿನ ಓದುಗರಿಗೆ ಗೊತ್ತಿಲ್ಲ. ಬೀಜ ಕಟ್ಟುವ ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಹುಡುಕಬೇಕು. ಅದರೊಳಗಿನ ಗಂಡು ಭಾಗವನ್ನು ಹೆಬ್ಬೆರಳ ಉಗುರಿನಿಂದ ಕಿತ್ತು ಗುರುತು ಕಟ್ಟಬೇಕು. ಮರುದಿನ ಬೆಳಿಗ್ಗೆ ಪರಾಗ ಕೊಡುವ ಗಂಡು ಸಾಲಿನ ಹೂ ತಂದು ಅದಕ್ಕೆ ಸವರಬೇಕು. ಒಂದೊಂದೇ ಹೂವಿಗೆ, ದಿನಾಲೂ, ವಾರಗಟ್ಟಲೆ. ಗಂಟೆ ಹೊಡೆಯುವ ತನಕ ಹೂವು ಕಾಯುವುದಿಲ್ಲ. ಹೂವಿನ ಹೊತ್ತೂ ಶಾಲೆಯ ಹೊತ್ತೂ ಒಂದೇ, ಅಲ್ವಾ? ಅವಳ ಬೆಂಚು ಖಾಲಿಯಾಗಿದ್ದಕ್ಕೆ ಇದಕ್ಕಿಂತ ದೊಡ್ಡ ವಿವರಣೆ ಬೇಕಾಗಿಲ್ಲ.

ಇಲ್ಲಿಂದ ಶುರು ಮಾಡಿ. ಕಾನೂನು ಆಮೇಲೆ ಬರಲಿ, ಅವಳ ಹೊಲಕ್ಕೆ ಅದು ತಲುಪಿತಾ ಅನ್ನುವ ಪ್ರಶ್ನೆಯಾಗಿ ಬರಲಿ.

ಹಾಗೆ ನೋಡಿದಾಗ ನಿಮ್ಮ ತಪ್ಪುಗಳೂ ಕಾಣುತ್ತವೆ. '1881ರ ಫ್ಯಾಕ್ಟರಿ ಕಾಯ್ದೆಯಿಂದ ನಮ್ಮ ಭಾಗದ ಮಕ್ಕಳಿಗೂ ರಕ್ಷಣೆ ಸಿಕ್ಕಿತು' ಎಂದಿದ್ದೀರಿ. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು, ಅಲ್ಲಿಗೆ ಅದು ಅನ್ವಯಿಸುತ್ತಿರಲಿಲ್ಲ. ಇನ್ನು ಆ ಕಾಯ್ದೆ ಹೇಳಿದ್ದಾದರೂ ಏನು? ಏಳು ವರ್ಷದೊಳಗಿನ ಮಕ್ಕಳನ್ನು ಸೇರಿಸಬೇಡಿ, ಹನ್ನೆರಡರ ತನಕ ದಿನಕ್ಕೆ 9 ಗಂಟೆ ಮೀರಬೇಡಿ. ಅದೂ ನೂರು ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಾರ್ಖಾನೆಗೆ ಮಾತ್ರ. ಹೊಲದ ಮಾತೇ ಇರಲಿಲ್ಲ.

1933ರ ಕಾಯ್ದೆಯನ್ನು ಅರ್ಧ ಸಾಲಿನಲ್ಲಿ ದಾಟಿದ್ದೀರಿ. ನಿಮ್ಮ ಕಥೆಗೆ ಅದೇ ಹತ್ತಿರದ್ದು! ಮುಂಗಡ ತೆಗೆದುಕೊಂಡು ಮಗುವಿನ ದುಡಿಮೆಯನ್ನು ಒತ್ತೆ ಇಡುವ ಕರಾರು ನಡೆಯುವುದಿಲ್ಲ ಎಂದ ಕಾಯ್ದೆ ಅದು. ಅಪ್ಪ ಅವ್ವನಿಗೆ 50 ರೂಪಾಯಿ ತನಕ, ದುಡಿಸಿಕೊಂಡವನಿಗೆ 200 ರೂಪಾಯಿ ತನಕ ದಂಡ. ನಿಮ್ಮ ಗೆಳತಿಯ ಮನೆಯವರು ಸಾಹುಕಾರರ ಹತ್ತಿರ ಮುಂಗಡ ತಂದಿದ್ದರು ಎಂದು ನೀವೇ ಬರೆದಿದ್ದೀರಿ. ಎರಡನ್ನೂ ಪಕ್ಕದಲ್ಲಿಡಿ ಸಾಕು, ಓದುಗರಿಗೆ ತಾನಾಗಿ ಕಾಣುತ್ತದೆ.

ಆ ತಂದೆತಾಯಿಗೆ 'ಅಜ್ಞಾನಿಗಳು' ಅಂದಿದ್ದು ನನಗೆ ಬೇಸರ ತಂದಿತು. ಮುಂಗಡ ಯಾತಕ್ಕೆ ಬೇಕಾಗಿತ್ತು? ಮದುವೆಗಾ, ಬೋರ್‌ವೆಲ್‌ಗಾ, ಆಸ್ಪತ್ರೆಗಾ? ಕೇಳಿ ಬರೆಯಿರಿ.

ಮುಖ್ಯವಾದ ತಪ್ಪು ಇನ್ನೊಂದಿದೆ. 1986ರಲ್ಲಿ ಬಾಲಕಾರ್ಮಿಕ ಪದ್ಧತಿಯೇ ನಿಷೇಧವಾಯಿತು ಎಂದಿದ್ದೀರಿ. ಇಲ್ಲ. ಬಾಲಕಾರ್ಮಿಕರ ಸಮಸ್ಯೆ ನೋಡಲು ಮೈಸೂರು ಕಡೆಯ ಎಂ.ಎಸ್. ಗುರುಪಾದಸ್ವಾಮಿ ಅವರ ಸಮಿತಿ 1979ರಲ್ಲಿ ನೇಮಕವಾಯಿತು. ಆಮೇಲೆ ಬಂದ 1986ರ ಕಾಯ್ದೆ ತನ್ನ ಪಟ್ಟಿಯಲ್ಲಿದ್ದ ಕೆಲಸಗಳನ್ನಷ್ಟೇ ತಡೆಯಿತು. ಮನೆಗೆಲಸ, ಹೋಟೆಲು ಆ ಪಟ್ಟಿಗೆ ಸೇರಿದ್ದೇ 2006ರಲ್ಲಿ. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಿದ್ದು 2016ರ ತಿದ್ದುಪಡಿ. ಇಟ್ಟುಕೊಂಡವರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಅದರಲ್ಲೂ ಒಂದು ಬಾಗಿಲು ತೆರೆದಿದೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸವಾದರೆ ಮನೆಯವರಿಗೆ, ಮನೆಯವರ ಕಸುಬಿಗೆ ಮಗು ನೆರವಾಗಬಹುದು. ಮನೆ ಅಂದರೆ ಅಪ್ಪ ಅವ್ವ ಅಷ್ಟೇ ಅಲ್ಲ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ ಎಲ್ಲರೂ ಸೇರುತ್ತಾರೆ. ಇವತ್ತು ಸೋದರಮಾವನ ಬೀಜದ ಹೊಲದಲ್ಲಿ ಒಂದು ಹುಡುಗಿ ಬೆಳಿಗ್ಗೆ ಹೂ ಸವರುತ್ತಿದ್ದರೆ ಆಕೆ ನೆರವಾಗುತ್ತಿದ್ದಾಳಾ, ದುಡಿಯುತ್ತಿದ್ದಾಳಾ? ಶಾಲೆಯ ಹಾಜರಿ ಪುಸ್ತಕ ಏನು ಹೇಳುತ್ತದೆ? 'ಎಲ್ಲರೂ ಕೈಜೋಡಿಸೋಣ' ಎಂಬ ನಿಮ್ಮ ಕೊನೆಯ ಪ್ಯಾರಾದ ಜಾಗದಲ್ಲಿ ನನಗೆ ಇದು ಬೇಕು. ಊರಿನ ಶಾಲೆಗೆ ಹೋಗಿ, ಮಾಸ್ತರರನ್ನು ಮಾತಾಡಿಸಿ.

ಗೆಳತಿಯನ್ನೂ ಭೇಟಿ ಮಾಡಿ. ಅವಳ ಒಪ್ಪಿಗೆ ಇಲ್ಲದೆ ಒಂದು ಸಾಲೂ ಬೇಡ, ಹೆಸರು ಬದಲಿಸಿ. ಸಾವಿರ ಪದ ಸಾಕು. ದೀಪಾವಳಿಯೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ.

ಇಂತಿ,
ಸಂಪಾದಕ